ಬೆಸುಗೆಗೆ ಒಗ್ಗುವ ಬಲಿಷ್ಠ ಅಲ್ಯೂಮಿನಿಯಮ್

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಮುರಿದ ಬೈಸಿಕಲ್ಲೊಂದನ್ನು ತಳ್ಳಿಕೊಂಡು ಪ್ರಯೋಗಶಾಲೆಯ ಬಾಗಿಲಿಗೆ ಬಂದನು. ಅದರ ಚೌಕಟ್ಟು ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಹಿಂದೊಮ್ಮೆ ಬಿರುಕು ಬಿಟ್ಟಿದ್ದ ಅದರ ಕೊಳವೆಯನ್ನು ಅವನು ಬೆಸುಗೆಯ ಅಂಗಡಿಯೊಂದರಲ್ಲಿ ಸರಿಮಾಡಿಸಿದ್ದನು. ಬೆಸುಗೆಯೇನೋ ಅಚ್ಚುಕಟ್ಟಾಗಿಯೇ ಇದ್ದಿತು. ಆದರೂ ತಿಂಗಳು ತುಂಬುವುದರೊಳಗೆ, ಇಳಿಜಾರಿನಲ್ಲಿ ಬರುತ್ತಿದ್ದಾಗ, ಕೊಳವೆ ಮತ್ತೆ ತುಂಡಾಯಿತು. ಮೊಣಕೈ ತರಚಿದ್ದಷ್ಟರಿಂದ ಹುಡುಗನು ಪಾರಾದದ್ದು ಪುಣ್ಯ. ಅವನನ್ನು ಕಾಡುತ್ತಿದ್ದ ಪ್ರಶ್ನೆ ಮಾತ್ರ ಬೇರೆ. ಕೊಳವೆ ಮುರಿದದ್ದು ಬೆಸುಗೆಯಲ್ಲಿ ಅಲ್ಲ. ಬೆಸುಗೆಯಿಂದ ಒಂದು ಬೆರಳಗಲದಷ್ಟು ಆಚೆ, ಯಾರೂ ಮುಟ್ಟದಿದ್ದ ಲೋಹದಲ್ಲಿ. "ಬೆಸೆದ ಜಾಗ ನಿಂತಿತು, ಬೆಸೆಯದ ಜಾಗ ಮುರಿಯಿತು, ಇದೆಂತಹ ನ್ಯಾಯ ಸಾರ್?" ಎಂದು ಕೇಳಿದನು.

ಪ್ರಶ್ನೆ ಸಣ್ಣದಲ್ಲ. ದ್ರವ ಜಲಜನಕವನ್ನು ತುಂಬಿಕೊಂಡು ಆಕಾಶಕ್ಕೇರುವ ರಾಕೆಟ್ಟಿನ ತೊಟ್ಟಿಗೂ ಆ ಬೈಸಿಕಲ್ಲಿನ ಕೊಳವೆಗೂ ತೊಡಕು ಒಂದೇ ಆಗಿದೆ. ಬಲವಾದ ಅಲ್ಯೂಮಿನಿಯಮ್ಮಿಗೆ ಬಲವನ್ನು ಕೊಟ್ಟದ್ದು ಶಾಖ. ಬೆಸುಗೆಯ ಶಾಖವೇ ಆ ಬಲವನ್ನು ಕಿತ್ತುಕೊಳ್ಳುತ್ತದೆ. ಈ ತೊಡಕನ್ನು ಹೇಗೆ ದಾಟಬಹುದು, ಎಷ್ಟರ ಮಟ್ಟಿಗೆ ದಾಟಲಾಗಿದೆ ಎಂಬುದನ್ನು ನೋಡಬೇಕಾದರೆ ಮೊದಲು ಆ ಬಲ ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕು.

ಬಲದ ಮೂಲ

ಶುದ್ಧ ಅಲ್ಯೂಮಿನಿಯಮ್ ಮೃದುವಾದ ಲೋಹ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ೨.೭ ಗ್ರಾಂ; ಕಬ್ಬಿಣದ್ದರಲ್ಲಿ ಸುಮಾರು ಮೂರನೆಯ ಒಂದು ಪಾಲು. ಆದರೆ ಒಂದು ಚದರ ಮಿಲಿಮೀಟರು ಅಡ್ಡಕೊಯ್ತವುಳ್ಳ ಅದರ ತಂತಿಯೊಂದಕ್ಕೆ ಎಂಟೊಂಬತ್ತು ಕಿಲೋಗ್ರಾಂ ಭಾರವನ್ನು ತೂಗಿಬಿಟ್ಟರೆ ಅದು ಹರಿದುಹೋಗುತ್ತದೆ. ಅದೇ ಗಾತ್ರದ ಸಾಧಾರಣ ಉಕ್ಕಿನ ತಂತಿ ನಲವತ್ತು ಕಿಲೋಗ್ರಾಂ ಭಾರವನ್ನು ಹೊರಬಲ್ಲುದು. ಈ ಲೇಖನದಲ್ಲಿ ಬಲವೆಂದಾಗಲೆಲ್ಲ ಇದೇ ಅಳತೆಯನ್ನು, ಎಂದರೆ ಚದರ ಮಿಲಿಮೀಟರಿಗೆ ಇಷ್ಟು ಕಿಲೋಗ್ರಾಂ ಭಾರವೆಂಬುದನ್ನು ಇಟ್ಟುಕೊಳ್ಳೋಣ. ಪುಸ್ತಕಗಳಲ್ಲಿ ಕಾಣುವ ಮೆಗಾಪಾಸ್ಕಲ್ ಬೇಕಾದವರು ಇದನ್ನು ಸುಮಾರಾಗಿ ಹತ್ತರಿಂದ ಗುಣಿಸಿಕೊಂಡರೆ ಸಾಕು.

ಲೋಹವು ಬಾಗುವಾಗ ಅದರ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ. ಪದರಕ್ಕೆ ಪದರವೇ ಒಮ್ಮೆಗೇ ಜಾರುವುದಾಗಿದ್ದರೆ ಅದಕ್ಕೆ ಅಪಾರವಾದ ಬಲ ಬೇಕಾಗುತ್ತಿತ್ತು. ಹಾಗೆ ಆಗುವುದಿಲ್ಲ. ಮದುವೆಯ ಚಪ್ಪರದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಂದು ಗೇಣು ಸರಿಸಬೇಕಾದರೆ ಯಾರೂ ಇಡೀ ಜಮಖಾನವನ್ನು ಎಳೆಯುವುದಿಲ್ಲ; ಒಂದು ತುದಿಯಲ್ಲಿ ಮಡಿಕೆಯೊಂದನ್ನು ಎಬ್ಬಿಸಿ ಆ ಮಡಿಕೆಯನ್ನು ಕಾಲಿನಿಂದ ಇನ್ನೊಂದು ತುದಿಗೆ ನೂಕಿಕೊಂಡು ಹೋಗುತ್ತಾರೆ. ಸ್ಫಟಿಕದೊಳಗೂ ಇಂತಹ ಮಡಿಕೆಗಳುಂಟು. ಅವುಗಳಿಗೆ ಸ್ಥಾನಭ್ರಂಶಗಳೆಂದು ಹೆಸರು. ಟೇಲರ್, ಓರೊವಾನ್ ಮತ್ತು ಪೊಲಾನ್ಯಿ ಎಂಬ ಮೂವರು ಇವುಗಳ ಕಲ್ಪನೆಯನ್ನು ೧೯೩೪ರಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಮುಂದಿಟ್ಟರು. ಶುದ್ಧ ಅಲ್ಯೂಮಿನಿಯಮ್ಮಿನಲ್ಲಿ ಈ ಮಡಿಕೆಗಳು ತಡೆಯಿಲ್ಲದೆ ಓಡಾಡುವುದರಿಂದಲೇ ಅದು ಮೆದುವಾಗಿದೆ. ಮಡಿಕೆಯ ದಾರಿಗೆ ಅಡ್ಡಿಗಳನ್ನು ಒಡ್ಡಿದರೆ ಲೋಹವು ಬಲಗೊಳ್ಳಬೇಕು.

ಅಡ್ಡಿಯನ್ನು ಒಡ್ಡುವ ಉಪಾಯವು, ಅದರ ಕಾರಣ ತಿಳಿಯುವುದಕ್ಕಿಂತ ಬಹಳ ಮೊದಲೇ, ಆಕಸ್ಮಿಕವಾಗಿ ಕೈಗೆ ಸಿಕ್ಕಿತ್ತು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತನು ೧೯೦೬ರಲ್ಲಿ ಅಲ್ಯೂಮಿನಿಯಮ್ಮಿಗೆ ನೂರಕ್ಕೆ ನಾಲ್ಕರಷ್ಟು ತಾಮ್ರವನ್ನೂ ಅತ್ಯಲ್ಪ ಮೆಗ್ನೀಸಿಯಮ್ಮನ್ನೂ ಬೆರಸಿ, ಕಾಯಿಸಿ, ಉಕ್ಕಿಗೆ ಮಾಡುವಂತೆ ಹಠಾತ್ತಾಗಿ ತಣಿಸಿ, ಅದರ ಗಡಸುತನವನ್ನು ಅಳೆದನು. ಏನೂ ವಿಶೇಷ ಕಾಣಲಿಲ್ಲ. ಶನಿವಾರ ಬಿಟ್ಟುಹೋದ ಆ ತುಂಡನ್ನು ಸೋಮವಾರ ಮತ್ತೆ ಅಳೆದಾಗ ಅದು ತನ್ನಷ್ಟಕ್ಕೆ ತಾನೇ ಗಡಸಾಗಿದ್ದಿತು ಎಂಬುದು ಲೋಹವಿಜ್ಞಾನದಲ್ಲಿ ಪ್ರಸಿದ್ಧವಾದ ಕಥೆ. ಜೆಪೆಲಿನ್ ವಾಯುನೌಕೆಗಳ ಎಲುಬುಗೂಡಾದ ಡ್ಯೂರಾಲ್ಯುಮಿನ್ ಎಂಬ ಮಿಶ್ರಲೋಹ ಇದರಿಂದಲೇ ಹುಟ್ಟಿತು. ವಿಲ್ಮನು ಮಾತ್ರ ಲೋಹಗಳ ಸಹವಾಸವನ್ನು ಬಿಟ್ಟು ಬೇಸಾಯಕ್ಕೆ ಇಳಿದನು.

ಇದರ ಗುಟ್ಟು ಹೀಗಿದೆ. ಸುಮಾರು ೫೪೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಘನರೂಪದ ಅಲ್ಯೂಮಿನಿಯಮ್ ತನ್ನ ತೂಕದ ನೂರಕ್ಕೆ ೫.೬ರಷ್ಟು ತಾಮ್ರವನ್ನು ಕರಗಿಸಿಕೊಳ್ಳಬಲ್ಲುದು. ಕೋಣೆಯ ಉಷ್ಣತೆಯಲ್ಲಿ ನೂರಕ್ಕೆ ೦.೧ರಷ್ಟನ್ನೂ ಕರಗಿಸಿಕೊಳ್ಳಲಾರದು. ಬಿಸಿ ಪಾಕದಲ್ಲಿ ಕರಗಿದ ಸಕ್ಕರೆ ಪಾಕ ಆರಿದಂತೆ ಹರಳಾಗಿ ಹೊರಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ಲೋಹವನ್ನು ನೀರಿನಲ್ಲಿ ಅದ್ದಿ ಒಮ್ಮೆಗೇ ತಣಿಸಿದರೆ ತಾಮ್ರಕ್ಕೆ ಹೊರಬೀಳಲು ಕಾಲಾವಕಾಶವೇ ಸಿಗದು. ಅದು ಒಲ್ಲದ ಮನೆಯಲ್ಲಿ ಸಿಕ್ಕಿಬಿದ್ದ ನೆಂಟನಂತೆ ಉಳಿಯುತ್ತದೆ. ಆಮೇಲೆ ಮೆಲ್ಲಮೆಲ್ಲನೆ ತಾಮ್ರದ ಪರಮಾಣುಗಳು ಸಣ್ಣಸಣ್ಣ ಗುಂಪುಗಳಾಗಿ ಕೂಡಿಕೊಳ್ಳುತ್ತವೆ. ಒಂದೇ ಪರಮಾಣುವಿನಷ್ಟು ದಪ್ಪವುಳ್ಳ ಈ ಬಿಲ್ಲೆಗಳನ್ನು ಫ್ರಾನ್ಸಿನ ಗಿನಿಯೆ ಮತ್ತು ಬ್ರಿಟನ್ನಿನ ಪ್ರೆಸ್ಟನ್ ೧೯೩೮ರಲ್ಲಿ ಕ್ಷಕಿರಣಗಳ ಮೂಲಕ ಪತ್ತೆಹಚ್ಚಿದರು. ಇವೇ ಸ್ಥಾನಭ್ರಂಶದ ದಾರಿಯಲ್ಲಿನ ಅಡ್ಡಿಗಳು.

ಈ ಕ್ರಿಯೆಯನ್ನು ನಾನು ತರಗತಿಯಲ್ಲಿ 'ಮಾಗುವುದು' ಎಂದು ಕರೆಯುತ್ತೇನೆ. ಹಣ್ಣಿಗೆ ಹೇಳುವ ಮಾತು ಲೋಹಕ್ಕೂ ಒಪ್ಪುತ್ತದೆ. ಹಣ್ಣಿನಂತೆಯೇ ಇದಕ್ಕೂ ಹದವುಂಟು. ಶಾಖ ಹೆಚ್ಚಾದರೆ ಅಥವಾ ಕಾಲ ಮೀರಿದರೆ ಸಣ್ಣ ಗುಂಪುಗಳು ಕರಗಿ ದೊಡ್ಡ ಗುಂಪುಗಳು ಬೆಳೆಯುತ್ತವೆ. ಒಂದು ಬಂಡಿ ಜಲ್ಲಿಯನ್ನು ದಾರಿಯುದ್ದಕ್ಕೂ ಚೆಲ್ಲಿದರೆ ಗಾಡಿಯ ಚಕ್ರ ಹೆಜ್ಜೆಹೆಜ್ಜೆಗೂ ತಡೆಯುತ್ತದೆ; ಅಷ್ಟೇ ಕಲ್ಲು ಒಂದು ಗುಂಡಾಗಿ ನಡುವೆ ಬಿದ್ದಿದ್ದರೆ ಪಕ್ಕದಲ್ಲಿ ಸುತ್ತಿಕೊಂಡು ಹೋಗಬಹುದು. ಅತಿಯಾಗಿ ಮಾಗಿದ ಲೋಹ ಹಾಗೆಯೇ ಮೆತ್ತಗಾಗುತ್ತದೆ.

ಬೆಸುಗೆಯ ಹಾವಳಿ

ಈಗ ಇಂತಹ ಲೋಹವನ್ನು ಬೆಸೆಯೋಣ. ಬೆಸುಗೆಯ ನಡುಗೆರೆಯಲ್ಲಿ ಲೋಹ ಕರಗಿ ಎರಕದಂತೆ ಮತ್ತೆ ಹೆಪ್ಪುಗಟ್ಟುತ್ತದೆ. ಅದಕ್ಕೆ ತಗಲಿದಂತಿರುವ ಪಟ್ಟಿಯು ಕರಗದಿದ್ದರೂ ೫೦೦ ಡಿಗ್ರಿಯನ್ನು ದಾಟಿ, ಒಳಗಿನ ಗುಂಪುಗಳೆಲ್ಲ ಮತ್ತೆ ದ್ರಾವಣಕ್ಕೆ ಹೋಗುತ್ತವೆ. ಅದರಾಚೆ, ೨೫೦ರಿಂದ ೪೦೦ ಡಿಗ್ರಿಯವರೆಗೆ ಕಾದ ಪಟ್ಟಿಯೊಂದುಂಟು. ಅಲ್ಲಿ ಲೋಹ ಕರಗಲೂ ಇಲ್ಲ, ಗುಂಪುಗಳು ಪೂರ್ತಿಯಾಗಿ ದ್ರಾವಣಕ್ಕೆ ಹೋಗಲೂ ಇಲ್ಲ. ಅವು ಕೇವಲ ಉಬ್ಬಿ ಬೆಳೆದವು. ಎಂದರೆ ಆ ಪಟ್ಟಿ ನಿಮಿಷದೊಳಗೆ ಅತಿಯಾಗಿ ಮಾಗಿಹೋಯಿತು. ಹುಡುಗನ ಬೈಸಿಕಲ್ಲು ಮುರಿದದ್ದು ಇಲ್ಲಿಯೇ. ಅಲ್ಯೂಮಿನಿಯಮ್ ಶಾಖವನ್ನು ಉಕ್ಕಿಗಿಂತ ನಾಲ್ಕು ಪಟ್ಟು ಚೆನ್ನಾಗಿ ಸಾಗಿಸುವುದರಿಂದ ಈ ಹಾಳಾದ ಪಟ್ಟಿ ಅಗಲವಾಗಿಯೇ ಇರುತ್ತದೆ.

ಇದನ್ನು ನಂಬಿಸಲು ನಾವೊಂದು ಪ್ರಯೋಗ ಮಾಡಿದೆವು. ಮುರಿದ ಕೊಳವೆಯಿಂದ ಉದ್ದನೆಯ ಪಟ್ಟಿಯೊಂದನ್ನು ಗರಗಸದಿಂದ ಕೊಯ್ದು, ಅಡಿಯಲ್ಲಿ ಉಕ್ಕಿನ ದಂಡವನ್ನು ಆನಿಕೆಯಾಗಿಟ್ಟು, ಒಂದು ಮೀಟರು ಎತ್ತರದ ಕೊಳವೆಯೊಳಗಿಂದ ಬೇರಿಂಗಿನ ಉಕ್ಕಿನ ಗುಂಡೊಂದನ್ನು ಅದರ ಮೇಲೆ ಬೇರೆಬೇರೆ ಕಡೆ ಬೀಳಿಸಿದೆವು. ಗುಂಡು ಮಾಡಿದ ಕುಳಿಗಳ ಅಗಲವನ್ನು ಚರ ಸೂಕ್ಷ್ಮದರ್ಶಕದಿಂದ ಅಳೆದೆವು. ಬೆಸುಗೆಯಿಂದ ದೂರದಲ್ಲಿ ಕುಳಿಗಳು ಸಣ್ಣವು. ಹತ್ತಿರ ಬಂದಂತೆ ದೊಡ್ಡವಾಗಿ, ಮುರಿದ ಗೆರೆಯ ಪಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡವಾದವು. ಯಾವ ಕಾಲೇಜಿನಲ್ಲಾದರೂ ಮಾಡಬಹುದಾದ ಪ್ರಯೋಗವಿದು. ಬೈಸಿಕಲ್ಲಿನ ಚೌಕಟ್ಟಿನ ಮೇಲೆ ೬೦೬೧ ಎಂಬ ಅಂಕೆಯಿದ್ದಿತು. ಮೆಗ್ನೀಸಿಯಮ್ ಮತ್ತು ಸಿಲಿಕಾನ್ ಬೆರೆತ ಆ ಮಿಶ್ರಲೋಹವನ್ನು ಬೆಸೆಯುವುದೇನೋ ಸುಲಭ, ಆದರೆ ಬೆಸುಗೆಯ ನೆರೆಯಲ್ಲಿ ಅದು ತನ್ನ ಬಲದ ಮೂರನೆಯ ಒಂದು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಕೊಳ್ಳುತ್ತದೆ. ಕಾರ್ಖಾನೆಯವರು ಬೆಸೆದ ಮೇಲೆ ಇಡೀ ಚೌಕಟ್ಟನ್ನೇ ೫೩೦ ಡಿಗ್ರಿಗೆ ಕಾಯಿಸಿ, ತಣಿಸಿ, ಮತ್ತೆ ಮಾಗಿಸಿರುತ್ತಾರೆ. ಬೀದಿಯ ಅಂಗಡಿಯಲ್ಲಿ ಅದನ್ನು ಮಾಡುವ ಬಗೆಯಿಲ್ಲ.

ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಅಲ್ಯೂಮಿನಿಯಮ್ಮಿನ ಮೈಮೇಲೆ ಯಾವಾಗಲೂ ಆಕ್ಸೈಡಿನ ತೆಳುಪೊರೆಯೊಂದಿರುತ್ತದೆ. ಲೋಹ ೬೬೦ ಡಿಗ್ರಿಗೆ ಕರಗಿದರೆ ಪೊರೆ ಕರಗಲು ೨೦೦೦ ಡಿಗ್ರಿಗೂ ಹೆಚ್ಚು ಶಾಖ ಬೇಕು. ಆರ್ಗಾನ್ ಅನಿಲದ ಮರೆಯಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ವಿದ್ಯುಚ್ಚಾಪವನ್ನು ಹೊತ್ತಿಸಿ ಬೆಸೆಯುವಾಗ ಪರ್ಯಾಯ ವಿದ್ಯುತ್ತನ್ನು ಬಳಸುವುದು ಈ ಕಾರಣದಿಂದಲೇ: ತಗಡು ಋಣಧ್ರುವವಾಗಿರುವ ಅರೆಸುತ್ತಿನಲ್ಲಿ ಪೊರೆ ಒಡೆದು ಚದುರುತ್ತದೆ, ಉಳಿದ ಅರೆಸುತ್ತಿನಲ್ಲಿ ಕಡ್ಡಿ ತುಸು ಆರಿಕೊಳ್ಳುತ್ತದೆ. ಇನ್ನು ಜಲಜನಕ. ಕರಗಿದ ಅಲ್ಯೂಮಿನಿಯಮ್ ಹೆಪ್ಪುಗಟ್ಟುವ ಗಳಿಗೆಯಲ್ಲಿ ತಾನು ಹಿಡಿದಿಟ್ಟುಕೊಂಡ ಜಲಜನಕದಲ್ಲಿ ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲನ್ನು ಹೊರಗೆ ಹಾಕಬೇಕು. ಹೋಗಲಾಗದ್ದು ಗುಳ್ಳೆಯಾಗಿ ಉಳಿಯುತ್ತದೆ. ತಗಡಿನ ಮೇಲಿನ ಬೆರಳಿನ ಜಿಡ್ಡು, ಮಳೆಗಾಲದ ತೇವ, ಇಷ್ಟೇ ಸಾಕು ಜಲಜನಕ ಒದಗುವುದಕ್ಕೆ.

ಆದರೆ ಎಲ್ಲಕ್ಕಿಂತ ಕೆಟ್ಟದ್ದು ಬಿಸಿಬಿರುಕು. ಮಿಶ್ರಲೋಹವು ನೀರಿನಂತೆ ಒಂದೇ ಉಷ್ಣತೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಮೊದಲು ಅಲ್ಯೂಮಿನಿಯಮ್ ಹೆಚ್ಚಾಗಿರುವ ಹರಳುಗಳು ಬೆಳೆಯುತ್ತವೆ. ತಾಮ್ರ ಮೊದಲಾದುವು ಹೆಚ್ಚಾಗಿರುವ ದ್ರವವು ಹರಳುಗಳ ಸಂದಿಯಲ್ಲಿ ಕಟ್ಟಕಡೆಯವರೆಗೆ ದ್ರವವಾಗಿಯೇ ಉಳಿಯುತ್ತದೆ. ಅಷ್ಟರಲ್ಲಿ ಲೋಹವೆಲ್ಲ ಕುಗ್ಗಲು ಹವಣಿಸುತ್ತಿರುತ್ತದೆ. ಅಲ್ಯೂಮಿನಿಯಮ್ ಹೆಪ್ಪುಗಟ್ಟುವಾಗ ಅದರ ಗಾತ್ರ ನೂರಕ್ಕೆ ಆರರಷ್ಟು ಕಡಮೆಯಾಗುತ್ತದೆ. ಬೇಸಗೆಯಲ್ಲಿ ಕೆರೆಯ ಅಂಗಳದ ಕೆಸರು ಒಣಗಿ ಬಿರಿಯುವಂತೆ ಹರಳುಗಳು ಒಂದನ್ನೊಂದು ಬಿಟ್ಟು ಬಿರಿಯುತ್ತವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕೆರೆಯಲ್ಲಿ ಇನ್ನೂ ನೀರಿರುವವರೆಗೆ ಬಿರುಕು ಕಾಣುವುದಿಲ್ಲ; ಬಿರಿದ ಕಡೆಗೆ ನೀರು ಹರಿದು ತುಂಬಿಕೊಳ್ಳುತ್ತದೆ. ಲೋಹದಲ್ಲಿಯೂ ಹಾಗೆಯೇ. ತಾಮ್ರ ಇಲ್ಲವೇ ಇಲ್ಲವೆನ್ನುವಷ್ಟು ಕಡಮೆಯಿದ್ದರೆ ಸಂದಿಯ ದ್ರವವೇ ಇಲ್ಲ, ಬಿರುಕೂ ಇಲ್ಲ. ಬಹಳವಿದ್ದರೆ ದ್ರವ ಧಾರಾಳವಾಗಿ ಹರಿದು ಬಿರುಕನ್ನು ಮುಚ್ಚುತ್ತದೆ. ಅಪಾಯವಿರುವುದು ನಡುವೆ, ದ್ರವವು ಹರಳುಗಳನ್ನು ಬೇರ್ಪಡಿಸುವಷ್ಟು ಇದ್ದು ಬಿರುಕನ್ನು ತುಂಬುವಷ್ಟು ಇಲ್ಲದಿರುವಾಗ. ಅಲ್ಯೂಮಿನಿಯಮ್-ತಾಮ್ರದ ಬೆರಕೆಯಲ್ಲಿ ನೂರಕ್ಕೆ ಸುಮಾರು ಮೂರರಷ್ಟು ತಾಮ್ರವಿರುವಾಗ ಬಿರುಕಿನ ಬಾಧೆ ಅತಿ ಹೆಚ್ಚು. ಮೆಗ್ನೀಸಿಯಮ್ಮೂ ಜೊತೆಗೆ ಸೇರಿದರೆ ಹೆಪ್ಪುಗಟ್ಟುವ ಅವಧಿ ಮತ್ತಷ್ಟು ಲಂಬಿಸಿ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ವಿಮಾನಗಳ ಪ್ರಸಿದ್ಧ ಮಿಶ್ರಲೋಹಗಳಾದ ೨೦೨೪ ಮತ್ತು ೭೦೭೫ ಇವೆರಡೂ ಬಲದಲ್ಲಿ ಅಗ್ರಗಣ್ಯವಾದರೂ ಈ ದೋಷಕ್ಕೆ ಸಿಕ್ಕಿದವು. ಲೋಹದ ವಿಮಾನದ ರೆಕ್ಕೆಯ ಬಳಿ ಕುಳಿತು ಕಿಟಕಿಯಿಂದ ನೋಡಿದವರಿಗೆ ರಿವೆಟ್ಟುಗಳ ಸಾಲುಸಾಲು ಕಣ್ಣಿಗೆ ಬಿದ್ದಿರಬಹುದು. ಅದು ಹಳೆಯ ಚಾಳಿಯಲ್ಲ. ಆ ಲೋಹಗಳನ್ನು ಕರಗಿಸಿ ಬೆಸೆಯುವಂತಿಲ್ಲ.

ತಾಮ್ರದ ದಾರಿ, ಸತುವಿನ ದಾರಿ

ವಿಮಾನಕ್ಕಾದರೆ ರಿವೆಟ್ಟು ನಡೆಯುತ್ತದೆ. ಶೂನ್ಯದ ಕೆಳಗೆ ೨೫೩ ಡಿಗ್ರಿಯ ದ್ರವ ಜಲಜನಕವನ್ನು ತುಂಬಿಡುವ ತೊಟ್ಟಿಗೆ ಸಾವಿರಾರು ತೂತುಗಳನ್ನು ಕೊರೆದು ರಿವೆಟ್ಟು ಬಡಿದರೆ ಅದು ಜರಡಿಯಾದೀತು. ಅಲ್ಲಿ ಬೆಸುಗೆಯೇ ಗತಿ.

ಒಂದು ಸುಲಭವಾದ ದಾರಿಯೂ ಇದ್ದಿತು. ಶಾಖದಿಂದ ಬಲ ಪಡೆಯದ ಮಿಶ್ರಲೋಹವನ್ನೇ ಆರಿಸಿಕೊಂಡರೆ ಶಾಖದಿಂದ ಕಳೆದುಕೊಳ್ಳುವುದೂ ಅಲ್ಪ. ನೂರಕ್ಕೆ ಆರರಷ್ಟು ಮೆಗ್ನೀಸಿಯಮ್ ಬೆರೆತ ಇಂತಹ ಮಿಶ್ರಲೋಹದಿಂದ ಸೋವಿಯತ್ ರಾಕೆಟ್ಟುಗಳ ತೊಟ್ಟಿಗಳನ್ನು ಕಟ್ಟಿದರು; ಹಡಗುಗಳಿಗೂ ಇದರ ಬಂಧುಗಳೇ. ಆದರೆ ಇವುಗಳ ಬಲ ಮೂವತ್ತೈದರ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ.

ಅಮೆರಿಕೆಯವರು ೧೯೫೦ರ ದಶಕದಲ್ಲಿ ಹಿಡಿದ ದಾರಿ ಬೇರೆ. ಅವರು ರೂಪಿಸಿದ ೨೨೧೯ ಎಂಬ ಮಿಶ್ರಲೋಹದಲ್ಲಿ ತಾಮ್ರ ನೂರಕ್ಕೆ ೬.೩ರಷ್ಟಿದೆ. ಘನ ಅಲ್ಯೂಮಿನಿಯಮ್ ಕರಗಿಸಿಕೊಳ್ಳಬಲ್ಲ ಗರಿಷ್ಠ ಪ್ರಮಾಣ ೫.೬ ಎಂದು ಮೇಲೆ ಹೇಳಿದೆಯಷ್ಟೆ. ಹಾಗಾದರೆ ಹೆಚ್ಚುವರಿ ತಾಮ್ರವೇಕೆ? ಬಲಕ್ಕಾಗಿ ಅಲ್ಲ, ಬೆಸುಗೆಯಲ್ಲಿ ಬಿರುಕನ್ನು ತುಂಬುವ ದ್ರವ ಧಾರಾಳವಾಗಿರಲೆಂದು ಮುಖ್ಯವಾಗಿ. ಬಿರುಕಿಗೆ ಕಾರಣವಾಗುವ ಮೆಗ್ನೀಸಿಯಮ್ಮನ್ನು ಇದರಲ್ಲಿ ಬಹುಮಟ್ಟಿಗೆ ದೂರವಿಟ್ಟಿದ್ದಾರೆ. ಹರಳುಗಳು ಸಣ್ಣವಾಗಿರಲೆಂದು ಟೈಟಾನಿಯಮ್, ವನೇಡಿಯಮ್, ಜಿರ್ಕೋನಿಯಮ್ ಇವುಗಳನ್ನು ಚಿಟಿಕೆಯಷ್ಟು ಸೇರಿಸಿದೆ. ಇದನ್ನು ೫೩೫ ಡಿಗ್ರಿಗೆ ಕಾಯಿಸಿ, ತಣಿಸಿ, ನೂರಕ್ಕೆ ಏಳರಷ್ಟು ಎಳೆದು ಉದ್ದಮಾಡಿ, ಆಮೇಲೆ ಸುಮಾರು ೧೬೦ ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಮಾಗಿಸುತ್ತಾರೆ. ಎಳೆದಾಗ ಹುಟ್ಟಿದ ಸ್ಥಾನಭ್ರಂಶಗಳ ಗುಂಟ ತಾಮ್ರದ ಗುಂಪುಗಳು ಒತ್ತೊತ್ತಾಗಿ ಮೊಳೆಯುತ್ತವೆ. ಆಗ ಬಲ ೪೮ಕ್ಕೆ ಏರುತ್ತದೆ. ಸಾಧಾರಣ ಉಕ್ಕನ್ನು ಮೀರಿಸುತ್ತದೆ, ತೂಕದಲ್ಲಿ ಅದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಇನ್ನೊಂದು ಗುಣವನ್ನಂತೂ ದೇವರೇ ಕೊಟ್ಟನೆನ್ನಬೇಕು. ಚಳಿ ಹೆಚ್ಚಾದರೆ ಸಾಧಾರಣ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಇದು ದ್ರವ ಜಲಜನಕದ ಚಳಿಯಲ್ಲಿ ಮೊದಲಿಗಿಂತ ಮೂರನೆಯ ಒಂದು ಪಾಲಿಗೂ ಹೆಚ್ಚು ಬಲಗೊಳ್ಳುತ್ತದೆ, ಪೆಡಸಾಗುವುದಿಲ್ಲ. ಚಂದ್ರಯಾನಿಗಳನ್ನು ಹೊತ್ತ ಸ್ಯಾಟರ್ನ್ ೫ ರಾಕೆಟ್ಟಿನ ಮೊದಲ ಹಂತದ, ಹತ್ತು ಮೀಟರು ವ್ಯಾಸದ ತೊಟ್ಟಿಗಳು ೨೨೧೯ರವು. ನಮ್ಮ ದೇಶದ ಎಲ್‌ವಿಎಂ೩ ರಾಕೆಟ್ಟಿನ ದ್ರವ ಇಂಧನದ ತೊಟ್ಟಿಗಳೂ ಇದರವೇ.

ಇಷ್ಟೆಲ್ಲ ಇದ್ದರೂ ೨೨೧೯ರಲ್ಲಿ ಬೆಸುಗೆಯ ಹಾನಿ ಇಲ್ಲವೆಂದು ತಿಳಿಯಬಾರದು. ಅದು ಬಿರಿಯುವುದಿಲ್ಲ, ನಿಜ. ಆದರೆ ಬೆಸೆದ ಜಾಗದ ಬಲ ೪೮ರಿಂದ ೨೭ರ ಸುಮಾರಿಗೆ ಇಳಿಯುತ್ತದೆ. 'ಬೆಸುಗೆಗೆ ಒಗ್ಗುವ' ಎಂಬ ವಿಶೇಷಣದ ಅರ್ಥ 'ಬೆಸುಗೆಯಿಂದ ಕುಂದದ' ಎಂದಲ್ಲ. ಎಷ್ಟು ಕುಂದುತ್ತದೆಂದು ಮೊದಲೇ ಲೆಕ್ಕ ಹಾಕಿ ನಂಬಬಹುದಾದ ಎಂದು. ತಯಾರಕರ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ೪೮. ತೊಟ್ಟಿಯನ್ನು ಕಟ್ಟುವವನ ನಿದ್ದೆ ಕೆಡಿಸುವುದು ೨೭.

ಲೆಕ್ಕವನ್ನು ನಾವೂ ಹಾಕಿ ನೋಡೋಣ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ೨೦೨೦ರ ನವೆಂಬರಿನಲ್ಲಿ ಇಸ್ರೋಗೆ ದ್ರವ ಜಲಜನಕದ ದೊಡ್ಡ ತೊಟ್ಟಿಯೊಂದನ್ನು ಕಟ್ಟಿಕೊಟ್ಟಿತು. ಅಲ್ಯೂಮಿನಿಯಮ್ ಮಿಶ್ರಲೋಹದ್ದು, ವ್ಯಾಸ ನಾಲ್ಕು ಮೀಟರು, ಉದ್ದ ಎಂಟು ಮೀಟರು, ಒಳಗಿನ ಗಾತ್ರ ೮೯ ಘನ ಮೀಟರು, ಹಿಡಿಸುವ ಇಂಧನ ೫೭೫೫ ಕಿಲೋಗ್ರಾಂ. ಅದರಲ್ಲಿನ ಬೆಸುಗೆಯ ಒಟ್ಟು ಉದ್ದ ೧೧೫ ಮೀಟರು. ಇಂತಹ ತೊಟ್ಟಿಯೊಳಗೆ ಚದರ ಸೆಂಟಿಮೀಟರಿಗೆ ಮೂರು ಕಿಲೋಗ್ರಾಂ ಒತ್ತಡವಿದೆಯೆಂದು ನಮ್ಮ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದರೆ ಗೋಡೆಯ ಒಂದೊಂದು ಸೆಂಟಿಮೀಟರು ಉದ್ದವೂ ೬೦೦ ಕಿಲೋಗ್ರಾಂ, ಎಂದರೆ ಒಂದೊಂದು ಮಿಲಿಮೀಟರು ೬೦ ಕಿಲೋಗ್ರಾಂ ಎಳೆತವನ್ನು ತಾಳಬೇಕು. ಲೋಹಕ್ಕೆ ಚದರ ಮಿಲಿಮೀಟರಿಗೆ ೩೦ ಕಿಲೋಗ್ರಾಂ ಹೊರಿಸಬಹುದೆಂದರೆ ಎರಡು ಮಿಲಿಮೀಟರು ದಪ್ಪದ ಗೋಡೆ ಸಾಕು. ಬೆಸುಗೆಯಲ್ಲಿ ಅದರ ಅರ್ಧವನ್ನೇ ಹೊರಿಸಬಹುದಾದರೆ ನಾಲ್ಕು ಮಿಲಿಮೀಟರು ಬೇಕು. ತೊಟ್ಟಿಯ ಮೈ ಸುಮಾರು ನೂರು ಚದರ ಮೀಟರು. ಬೆಸುಗೆಗೆ ಅಂಜಿ ಇಡೀ ಗೋಡೆಯನ್ನು ನಾಲ್ಕು ಮಿಲಿಮೀಟರಿಗೆ ಏರಿಸಿದರೆ ೫೭೦ ಕಿಲೋಗ್ರಾಂ ತೂಕ ಹೆಚ್ಚುತ್ತದೆ. ರಾಕೆಟ್ಟಿನ ಮೇಲಿನ ಹಂತದಲ್ಲಿ ಹೆಚ್ಚಿದ ಒಂದೊಂದು ಕಿಲೋಗ್ರಾಮೂ ಉಪಗ್ರಹದ ಪಾಲಿನಿಂದ ಹೋದ ಒಂದೊಂದು ಕಿಲೋಗ್ರಾಮು. ೫೭೦ ಕಿಲೋಗ್ರಾಮೆಂದರೆ ಒಂದು ಉಪಗ್ರಹವೇ ನೆಲದಲ್ಲಿ ಉಳಿದಂತೆ.

ಆದುದರಿಂದ ದಪ್ಪನೆಯ ಹಲಗೆಯನ್ನು ತೆಗೆದುಕೊಂಡು ಬೆಸುಗೆ ಬರುವ ಅಂಚುಗಳನ್ನು ದಪ್ಪವಾಗಿಯೇ ಉಳಿಸಿ, ನಡುವಿನದನ್ನೆಲ್ಲ ಯಂತ್ರದಿಂದ ಕೆತ್ತಿ ತೆಳುಮಾಡುತ್ತಾರೆ. ಬೆಸುಗೆಯ ೧೧೫ ಮೀಟರು ಉದ್ದಕ್ಕೂ ಒಂದು ಗೇಣಿನ ಅರ್ಧದಷ್ಟು, ಹತ್ತು ಸೆಂಟಿಮೀಟರು ಅಗಲದ ಪಟ್ಟಿಯನ್ನು ಮಾತ್ರ ದಪ್ಪವಾಗಿಟ್ಟರೆ ಹೆಚ್ಚುವ ತೂಕ ೬೫ ಕಿಲೋಗ್ರಾಂ. ಸಿಲಿಂಡರಿನ ಉದ್ದಕ್ಕೆ ಸಾಗುವ ಬೆಸುಗೆಯ ಮೇಲೆ ಬೀಳುವ ಎಳೆತವು ಅದನ್ನು ಬಳಸಿ ಸುತ್ತುವ ಬೆಸುಗೆಯ ಮೇಲಿನದಕ್ಕಿಂತ ಎರಡು ಪಟ್ಟು ಎಂಬುದನ್ನೂ ಅವರು ಗಮನಿಸುತ್ತಾರೆ, ಇದನ್ನು ಬಿ.ಎಸ್‌ಸಿ. ವಿದ್ಯಾರ್ಥಿಗಳು ತಾವೇ ಸಾಧಿಸಿ ನೋಡಬಹುದು. ಮೇಲೆ ಹೇಳಿದ ೧೧೫ ಮೀಟರಿನಲ್ಲಿ ಒಂದು ಅಂಗುಲವನ್ನೂ ಬಿಡದೆ ಕ್ಷಕಿರಣದಿಂದಲೂ, ಬಿರುಕಿನೊಳಕ್ಕೆ ಇಳಿಯುವ ಬಣ್ಣದಿಂದಲೂ, ಸೋರಿಕೆಯ ಪರೀಕ್ಷೆಯಿಂದಲೂ ಶೋಧಿಸಿ ನೋಡಿದರು. ಗುಂಡುಸೂಜಿಯ ತಲೆಯಷ್ಟು ಗುಳ್ಳೆಯೂ ಅಲ್ಲಿ ವಿಚಾರಣೆಗೆ ಗುರಿಯಾಗುವ ಅಪರಾಧಿ.

ಸತುವಿನ ದಾರಿ ಇದಕ್ಕಿಂತ ಜಾಣತನದ್ದು. ನೂರಕ್ಕೆ ನಾಲ್ಕೈದರಷ್ಟು ಸತುವನ್ನೂ ಒಂದಕ್ಕಿಂತ ತುಸು ಹೆಚ್ಚು ಮೆಗ್ನೀಸಿಯಮ್ಮನ್ನೂ ಬೆರಸಿ, ತಾಮ್ರವನ್ನು ಹೊರಗಿಟ್ಟ ೭೦೨೦, ೭೦೦೫ ಮೊದಲಾದ ಮಿಶ್ರಲೋಹಗಳ ಬಲ ೩೫ರ ಸುಮಾರು, ೨೨೧೯ಕ್ಕೆ ಸಮನಲ್ಲ. ಆದರೆ ಇವು ಬೆಸುಗೆಯ ಶಾಖವನ್ನೇ ಔಷಧಿಯಾಗಿ ಮಾಡಿಕೊಳ್ಳುತ್ತವೆ. ಇವುಗಳೊಳಗಿನ ಗುಂಪುಗಳು ಬಹು ಕಡಮೆ ಉಷ್ಣತೆಯಲ್ಲಿಯೇ ದ್ರಾವಣಕ್ಕೆ ಹೋಗುವುದರಿಂದ ಬೆಸುಗೆಯ ನೆರೆಯ ಬಹುಭಾಗ ಅತಿಯಾಗಿ ಮಾಗುವ ಬದಲು ಹೊಸದಾಗಿ ಕರಗುತ್ತದೆ. ತಣಿಸಲು ನೀರಿನ ತೊಟ್ಟಿಯೂ ಬೇಡ. ಗಾಳಿಯಲ್ಲಿ ಆರಿದರೂ ಸತುವು ಒಳಗೇ ಸಿಕ್ಕಿಬೀಳುತ್ತದೆ. ಆಮೇಲೆ ಅದು ಕೋಣೆಯ ಉ‌ಷ್ಣತೆಯಲ್ಲಿಯೇ ವಾರಗಟ್ಟಲೆ ಮಾಗುತ್ತ ಹೋಗುತ್ತದೆ. ಬೆಸೆದ ದಿನ ಮೆತ್ತಗಿದ್ದ ಜಾಗ ಒಂದೆರಡು ತಿಂಗಳಲ್ಲಿ ತನ್ನ ಬಲದ ನೂರಕ್ಕೆ ಎಂಬತ್ತು ಪಾಲನ್ನು ಮರಳಿ ಪಡೆಯುತ್ತದೆ. ವಿಲ್ಮನ ಶನಿವಾರ-ಸೋಮವಾರದ ಕಥೆಯೇ ಇಲ್ಲಿ ಬೆಸುಗೆಯೊಳಗೆ ಮತ್ತೆ ನಡೆಯುತ್ತದೆ. ಬ್ರಿಟಿಷ್ ಸೈನ್ಯವು ೧೯೭೦ರ ದಶಕದಿಂದ ಬಳಸಿದ, ಸಿಪಾಯಿಗಳು ಕೈಯಿಂದಲೇ ಹೊತ್ತು ಜೋಡಿಸುವ ಸೇತುವೆಯ ಭಾಗಗಳನ್ನು ಈ ಬಗೆಯ ಲೋಹದಿಂದ ಬೆಸೆದು ಮಾಡಿದರು. ನಮ್ಮ ಹುಡುಗನ ಬೈಸಿಕಲ್ಲಿನ ಮೇಲೆ ೬೦೬೧ರ ಬದಲು ೭೦೦೫ ಎಂದಿದ್ದರೆ, ಬೆಸೆದ ಮೇಲೆ ಎರಡು ತಿಂಗಳು ಗೋಡೆಗೆ ಒರಗಿಸಿಟ್ಟಿದ್ದರೆ, ಅದು ಬಹುಶಃ ಇನ್ನೂ ಓಡುತ್ತಿತ್ತು.

ಇಷ್ಟು ಒಳ್ಳೆಯ ಲೋಹವನ್ನು ಎಲ್ಲ ಕಡೆಗೂ ಏಕೆ ಬಳಸಬಾರದು? ಸತುವು ಮತ್ತು ಮೆಗ್ನೀಸಿಯಮ್ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ, ಜೊತೆಗೆ ಇನ್ನೊಂದು ರೋಗವೂ ಹೆಚ್ಚುತ್ತದೆ. ನಿರಂತರವಾದ ಎಳೆತ ಮತ್ತು ತೇವ ಎರಡೂ ಕೂಡಿದಾಗ, ಎಳೆತವು ಲೋಹದ ಬಲಕ್ಕಿಂತ ಎಷ್ಟೋ ಕಡಮೆಯಿದ್ದರೂ, ತಿಂಗಳುಗಳ ಅಥವಾ ವರ್ಷಗಳ ಅನಂತರ ಹರಳುಗಳ ಸಂದಿಯಲ್ಲಿ ತಾನಾಗಿ ಬಿರುಕು ಹಬ್ಬುತ್ತದೆ. ಬೆಸುಗೆ ಆರುವಾಗ ಕುಗ್ಗಿ ಉಳಿಸಿಹೋಗುವ ಒಳಬಿಗುವೇ ಆ ಎಳೆತಕ್ಕೆ ಸಾಕು. ಹೊರಗಿನ ಭಾರ ಬೇಕಿಲ್ಲ. ಸತುವಿನ ಬಲಿಷ್ಠ ಮಿಶ್ರಲೋಹದಿಂದ ಬೆಸೆದ ಬ್ರಿಟನ್ನಿನ ಸ್ಕಾರ್ಪಿಯನ್ ಯುದ್ಧವಾಹನಗಳ ಕವಚದಲ್ಲಿ ಇಂತಹ ಬಿರುಕುಗಳು ಕಾಣಿಸಿಕೊಂಡು ತೊಂದರೆ ಕೊಟ್ಟವು. ಬೆಸುಗೆಯ ದಿನದ ಪರೀಕ್ಷೆಯಲ್ಲಿ ಈ ದೋಷ ತೋರುವುದೇ ಇಲ್ಲವೆಂಬುದು ಇದರ ಕೇಡು. ನನ್ನ ಅಭಿಪ್ರಾಯದಲ್ಲಿ, ಕುಂದಿದರೂ ಪ್ರಾಮಾಣಿಕವಾಗಿ ಮೊದಲ ದಿನವೇ ಕುಂದುವ ೨೨೧೯, ಚೇತರಿಸಿಕೊಂಡಂತೆ ತೋರಿ ಮುಂದೆಂದೋ ಕೈಕೊಡಬಹುದಾದ ಅತಿಬಲದ ಸತುಲೋಹಕ್ಕಿಂತ ಮೇಲು.

ಕರಗಿಸುವುದರಿಂದಲೇ ಇಷ್ಟು ಕಷ್ಟಗಳು ಬರುವುದಾದರೆ, ಕರಗಿಸದೆಯೇ ಬೆಸೆಯಬಾರದೇಕೆ? ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬೆಸುಗೆಯ ಸಂಶೋಧನಾ ಸಂಸ್ಥೆಯಲ್ಲಿ ೧೯೯೧ರಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತು. ಎರಡು ಹಲಗೆಗಳ ಅಂಚುಗಳನ್ನು ಒತ್ತಿ ಜೋಡಿಸಿ, ವೇಗವಾಗಿ ತಿರುಗುವ ಗಟ್ಟಿಯಾದ ಗೂಟವೊಂದನ್ನು ಸಂದಿಯೊಳಕ್ಕೆ ಇಳಿಸಿ ಮುಂದೆ ಸಾಗಿಸುತ್ತಾರೆ. ತಿಕ್ಕಾಟದ ಶಾಖಕ್ಕೆ ಲೋಹವು ಕರಗದೆ, ಮುದ್ದೆ ತಿರುವುವಾಗ ಹಿಟ್ಟು ಕೋಲಿಗೆ ಒಗ್ಗಿ ಸುತ್ತುವಂತೆ, ಎರಡು ಕಡೆಯದೂ ಸುತ್ತಿ ಬೆರೆತು ಒಂದಾಗುತ್ತದೆ. ಹೆಪ್ಪುಗಟ್ಟುವ ಮಾತೇ ಇಲ್ಲದಿರುವುದರಿಂದ ಬಿಸಿಬಿರುಕಿಲ್ಲ, ಜಲಜನಕದ ಗುಳ್ಳೆಯಿಲ್ಲ. ಬೆಸೆಯಲಾಗದೆಂದು ಕೈಬಿಟ್ಟಿದ್ದ ೨೦೨೪ ಮತ್ತು ೭೦೭೫ನ್ನು ಸಹ ಹೀಗೆ ಬೆಸೆಯಬಹುದು. ೨೨೧೯ರಲ್ಲಿ ಬೆಸುಗೆಯ ಬಲ ಚಾಪದ ಬೆಸುಗೆಗಿಂತ ಸ್ಪಷ್ಟವಾಗಿ ಹೆಚ್ಚು. ಅಮೆರಿಕೆಯ ಬಾಹ್ಯಾಕಾಶ ಷಟಲ್ಲಿನ ದೊಡ್ಡ ಇಂಧನ ತೊಟ್ಟಿಯನ್ನು ೧೯೯೮ರಲ್ಲಿ ೨೨೧೯ರಿಂದ ಲಿಥಿಯಮ್ ಬೆರೆತ ೨೧೯೫ಕ್ಕೆ ಬದಲಿಸಿ ಸುಮಾರು ೩೪೦೦ ಕಿಲೋಗ್ರಾಂ ತೂಕವನ್ನು ಉಳಿಸಿದರು. ಆ ಹೊಸ ಲೋಹ ಚಾಪದ ಬೆಸುಗೆಗೆ ಬಹಳ ಮೊಂಡು ಹಿಡಿಯಿತು. ಮುಂದೆ ಅದರ ಉದ್ದ ಬೆಸುಗೆಗಳಿಗೆ ಈ ತಿರುವುಬೆಸುಗೆಯನ್ನೇ ತಂದರು.

ಆದರೂ ಚಾಪದ ಬೆಸುಗೆಗಾರನಿಗೆ ಕೆಲಸ ತಪ್ಪಿಲ್ಲ. ತಿರುಗುವ ಗೂಟವನ್ನು ಟನ್ನುಗಟ್ಟಲೆ ಭಾರದಿಂದ ಒತ್ತಿಹಿಡಿಯಬೇಕು. ಹಲಗೆಯ ಹಿಂಬದಿಗೆ ಅಷ್ಟೇ ಗಟ್ಟಿಯಾದ ಆನಿಕೆ ಬೇಕು. ಮೂಲೆಗಳಲ್ಲಿ, ಕೊಳವೆಗಳು ಕೂಡುವ ಕಡೆಗಳಲ್ಲಿ ಅದಕ್ಕೆ ಎಡೆಯಿಲ್ಲ. ಬೆಸುಗೆಯ ಕೊನೆಯಲ್ಲಿ ಗೂಟವನ್ನು ಮೇಲಕ್ಕೆ ಎಳೆದಾಗ ಅದರ ಗಾತ್ರದ ಕುಳಿಯೊಂದು ಹಾಗೆಯೇ ಉಳಿಯುತ್ತದೆ. ನೇರವಾದ ಹಲಗೆಯಲ್ಲಾದರೆ ಆ ತುದಿಯನ್ನು ಕತ್ತರಿಸಿ ಎಸೆಯಬಹುದು; ತೊಟ್ಟಿಯನ್ನು ಸುತ್ತಿಬರುವ ಬೆಸುಗೆಗೆ ತುದಿಯೇ ಇಲ್ಲ. ಅಲ್ಲಿ ಕುಳಿಗೆ ಅದೇ ಲೋಹದ ಬಿರಡೆಯೊಂದನ್ನು ತಿಕ್ಕಿ ಕೂರಿಸಿ, ಮಟ್ಟಮಾಡಿ, ಮತ್ತೊಮ್ಮೆ ಕ್ಷಕಿರಣದ ಕೆಳಗೆ ಇಡುತ್ತಾರೆ.